ಹೆಂಡದಂಗಡಿಯ ಒಳಾವರಣ: ರತ್ನನ ಪದಗಳಲ್ಲಿ ಉಳಿದುದು

ಹಳೆಯ ಕಟ್ಟಡಗಳ ರಕ್ಷಣೆಯ ವಿಷಯದಲ್ಲಿ ಲೋಕವು ದೇವಾಲಯಕ್ಕೂ ಅರಮನೆಗೂ ಸಲ್ಲಿಸುವ ಮನ್ನಣೆಯನ್ನು ಪಾನಗೃಹಕ್ಕೆ ಸಲ್ಲಿಸುವುದು ವಿರಳ. ಆದರೂ ನಿದರ್ಶನಗಳು ಇಲ್ಲದಿಲ್ಲ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ‘ಕ್ರೌನ್’ ಎಂಬ ಪಾನಗೃಹವೊಂದಿದೆ. ಹತ್ತೊಂಬತ್ತನೆಯ ಶತಮಾನದ ಬಣ್ಣದ ಗಾಜು, ಚಿತ್ತಾರದ ಬಿಲ್ಲೆಗಳು, ಅನಿಲದ ದೀಪಗಳು, ಕೆತ್ತನೆಯ ಮರದಿಂದ ಮರೆಮಾಡಿದ ಪುಟ್ಟ ಕೋಣೆಗಳು ಅಲ್ಲಿ ಉಳಿದುಬಂದಿವೆ. 1978ರಲ್ಲಿ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯು ಅದನ್ನು ಕೊಂಡು ಕಾಪಾಡಿತು. ಸಾಮಾನ್ಯ ಜನರು ಎಲ್ಲಿ ಕುಳಿತು ದಿನದ ದಣಿವನ್ನು ಮರೆತರೆಂಬುದೂ ಚರಿತ್ರೆಯೇ ಎಂಬ ಅರಿವು ಇದರ ಹಿಂದಿದೆ.

ಈ ಅಳತೆಗೋಲನ್ನು ಹಿಡಿದು ನಮ್ಮ ಹಿಂದೂಪುರ, ಕಲ್ಯಾಣದುರ್ಗಗಳ ಸೀಮೆಯನ್ನು ನೋಡಿದರೆ ಕಾಣುವುದೇನು? ಹಿಂದೂಪುರಕ್ಕೆ ಸುಮಾರು 15 ಕಿಲೋಮೀಟರು ದೂರದ ಲೇಪಾಕ್ಷಿಯಲ್ಲಿ ವೀರಭದ್ರ ದೇವಾಲಯವಿದೆ. ಕನ್ನಡ ಶಾಸನಗಳೂ ಇರುವ ಆ ಗುಡಿಯ ಮೇಲ್ಛಾವಣಿಯ ವರ್ಣಚಿತ್ರಗಳು ಹದಿನಾರನೆಯ ಶತಮಾನದ ಉಡಿಗೆ ತೊಡಿಗೆಗಳನ್ನು ಇಂದಿಗೂ ತೋರಿಸುತ್ತಿವೆ. ಹೆಂಡದಂಗಡಿಗೆ ಆ ಭಾಗ್ಯವಿಲ್ಲ. ಈಚಲ ಮರದಿಂದ ಇಳಿಸಿದ ಹೆಂಡವು ಬಹುಬೇಗ ಹುಳಿತುಹೋಗುವ ವಸ್ತು. ಅದನ್ನು ಮಾರುವ ಅಂಗಡಿಯೂ ಗುತ್ತಿಗೆಯ ಅವಧಿಗೆ ಎದ್ದು ನಿಂತ ಸೂರು. ಇದರ ಮೇಲೆ ಕಾಯಿದೆಗಳು ಬಂದವು. ಈ ಸೀಮೆಯು ಸೇರಿದ್ದ ಮದರಾಸು ಪ್ರಾಂತಕ್ಕೆಲ್ಲ 1948ರಲ್ಲಿ ಪಾನನಿರೋಧವು ವ್ಯಾಪಿಸಿತು. 1995ರಲ್ಲಿ, ಹಿಂದೂಪುರದ ಶಾಸಕರೇ ಆಗಿದ್ದ ಮುಖ್ಯಮಂತ್ರಿ ಎನ್.ಟಿ. ರಾಮರಾವ್ ಅವರು ಆಂಧ್ರದಲ್ಲಿ ಸಂಪೂರ್ಣ ಪಾನನಿಷೇಧವನ್ನು ತಂದರು. 1997ರಲ್ಲಿ ಅದು ಸಡಿಲಗೊಂಡಿತು. ಇಷ್ಟು ಏರುಪೇರುಗಳನ್ನು ತಾಳುವ ಶಕ್ತಿ ಮಣ್ಣಿನ ಮಡಕೆಗೂ ಹುಲ್ಲಿನ ಸೂರಿಗೂ ಎಲ್ಲಿಯದು?

ಕಲ್ಲಿನಲ್ಲಿ ನಿಲ್ಲದ ಈ ಒಳಾವರಣವು ನುಡಿಯಲ್ಲಿ ನಿಂತಿದೆ ಎಂಬುದು ನಮ್ಮ ಅಭಿಪ್ರಾಯ. ಜಿ.ಪಿ. ರಾಜರತ್ನಂ ಅವರು 1930ರ ದಶಕದಲ್ಲಿ ರಚಿಸಿದ ‘ರತ್ನನ ಪದಗಳು’ ಅದರ ನೆಲೆ. ರಾಜರತ್ನಂ ಅವರು ಹೆಂಡವನ್ನು ಮುಟ್ಟಿದವರಲ್ಲ; ಕನ್ನಡದ ಅಧ್ಯಾಪಕರು, ಬೌದ್ಧ ಗ್ರಂಥಗಳನ್ನು ಕನ್ನಡಕ್ಕೆ ತಂದ ವಿದ್ವಾಂಸರು, ಮಕ್ಕಳ ಪದ್ಯಗಳನ್ನು ಬರೆದ ಕವಿಗಳು. ಅಂಥವರು ಹೆಂಡಕುಡುಕ ರತ್ನನ ಬಾಯಿಂದ ಹಾಡಿಸಿದರು.

ಈ ಪದಗಳಲ್ಲಿ ಅಂಗಡಿಯ ಸಾಮಾನುಗಳ ಪಟ್ಟಿಯನ್ನು ಹುಡುಕುವವರಿಗೆ ನಿರಾಶೆಯಾದೀತು. ಅಲ್ಲಿ ಉಳಿದಿರುವುದು ದನಿ. ‘ಹೆಂಡ’ ಎಂಬುದು ರತ್ನನ ಬಾಯಲ್ಲಿ ‘ಯೆಂಡ’ವಾಗುತ್ತದೆ; ಹಕಾರವು ಜಾರಿದಲ್ಲಿ ಗಂಟಲಿನ ಸಡಿಲವೂ ಕೇಳಿಸುತ್ತದೆ. ಎದುರಿಗೆ ಕುಳಿತ ಗೆಳೆಯನನ್ನು ಕರೆದು ಆಡುವ ಮಾತಿನಿಂದ ಆ ಚಾವಡಿಯ ಅಗಲವು ನಮಗೆ ಅಂದಾಜಾಗುತ್ತದೆ. ಹೆಸರು ಹೇಳಿಕೊಳ್ಳಲು ಒಂದು ಊರು, ತಲೆಯ ಮೇಲೊಂದು ಸೂರು, ಮಂಚವಾಗಲು ಭೂಮಿ, ಗಂಜಿ ಕೊಡುವ ಪುಟ್ನಂಜಿ ಇದ್ದರೆ ರತ್ನನ ಪ್ರಪಂಚ ತುಂಬಿತು. ದೇವರೇ ಬಂದು ಕೇಳಿದರೂ ಅವನು ಹೆಂಡವನ್ನು ಬಿಟ್ಟಾನು, ಹೆಂಡತಿಯನ್ನೂ ಬಿಟ್ಟಾನು, ಕನ್ನಡವನ್ನು ಬಿಡಲಾರ. ಗಡಿನಾಡಿನ ತರಗತಿಯಲ್ಲಿ ಈ ಪದವನ್ನು ಓದಿದಾಗ ಅದರ ತೂಕ ಬೇರೆಯಾಗುತ್ತದೆ. ನಗುನಗುತ್ತಲೇ ಆಡಿದ ಮಾತು ಇಲ್ಲಿ ಪಂಥದಂತೆ ಕೇಳುತ್ತದೆ.

ಆದರೆ ಈ ಚಿತ್ರವು ಪೂರ್ಣವಾದುದೆಂದು ನಾವು ಹೇಳಲಾರೆವು. ಗಂಜಿಯ ಅಕ್ಕಿಗೆ ಹಣ ಎಲ್ಲಿಂದ ಬಂದಿತೆಂದು ಪುಟ್ನಂಜಿಯೇ ಹಾಡಿದ್ದರೆ ಪದದ ಧಾಟಿ ಬೇರೆಯಾಗುತ್ತಿತ್ತು. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟ ಗ್ರಾಮದ ಹೆಂಗಸರು ಸಾರಾಯಿಯ ಅಂಗಡಿಯನ್ನು ಮುಚ್ಚಿಸಲು ಎದ್ದು ನಿಂತುದು, ಆ ಹಾಡದ ಪದದ ಉತ್ತರಾರ್ಧವೆಂದು ನಮಗೆ ತೋರುತ್ತದೆ. ಒಳಾವರಣವನ್ನು ರಕ್ಷಿಸುವವನು ಹೊರಗೆ ಬಾಗಿಲಲ್ಲಿ ಕಾದು ನಿಂತವರನ್ನು ಮರೆಯುವುದು ಸುಲಭ. ರಾಜರತ್ನಂ ಅವರ ಕರುಣೆಯೂ ರತ್ನನ ಮೇಲೆ ಬಿದ್ದಷ್ಟು ಪುಟ್ನಂಜಿಯ ಮೇಲೆ ಬಿದ್ದಿಲ್ಲ. ಇದನ್ನು ಹೇಳುವುದರಿಂದ ಕಾವ್ಯದ ಗೌರವಕ್ಕೆ ಕುಂದಿಲ್ಲ.

ಉಪಾಧ್ಯಾಯರಲ್ಲಿ ನಮ್ಮ ಅರಿಕೆ ಇಷ್ಟೆ. ಮಕ್ಕಳು ಕೆಡುತ್ತಾರೆಂಬ ಅಂಜಿಕೆಯಿಂದ ಈ ಪದಗಳನ್ನು ಬಿಡುವುದು ಬೇಡ. ಬರಿಯ ಹಾಸ್ಯವೆಂದು ನಗಿಸಿ ಮುಗಿಸುವುದೂ ಬೇಡ. ಓದಿಸುವಾಗ ‘ಯೆಂಡ’ವನ್ನು ‘ಹೆಂಡ’ವೆಂದು ತಿದ್ದುವುದಂತೂ ಕೂಡದು. ಹಾಗೆ ತಿದ್ದುವುದು ಲೇಪಾಕ್ಷಿಯ ಚಿತ್ರಗಳಿಗೆ ಸುಣ್ಣ ಬಳಿದಂತೆ. ಮೊದಲು ಗಟ್ಟಿಯಾಗಿ ಓದಿಸಿ, ಬಳಿಕ ಪುಟ್ನಂಜಿಯ ಪದವನ್ನು ವಿದ್ಯಾರ್ಥಿಗಳಿಂದಲೇ, ಅವರವರ ಮನೆಯ ಕನ್ನಡದಲ್ಲಿ, ಬರೆಯಿಸಿ ನೋಡಬಹುದು.