‘ರೀಕಾಲ್’: ಸ್ಮರಣೆಯೋ ದಫ್ತರವೋ?

2024ನೆಯ ಮೇ 20ರಂದು ಮೈಕ್ರೋಸಾಫ್ಟ್ ಸಂಸ್ಥೆಯು ‘ಕೋಪೈಲಟ್ ಪ್ಲಸ್’ ಎಂಬ ಹೊಸ ವರ್ಗದ ಗಣಕಗಳನ್ನು ಪ್ರಕಟಿಸಿತು. ಇವುಗಳಲ್ಲಿ ಕೃತಕ ಬುದ್ಧಿಮತ್ತೆಗೆಂದೇ ಇರುವ ಸಂಸ್ಕಾರಕವು ಸೆಕೆಂಡಿಗೆ 40 ಲಕ್ಷ ಕೋಟಿಗೂ ಮೀರಿದ ಗಣನಕ್ರಿಯೆಗಳನ್ನು ನಡೆಸಬಲ್ಲದೆಂದು ಸಾರಲಾಯಿತು. ಅಂಕೆ ಜಾಹೀರಾತಿಗೆ ಶೋಭೆಯೇ ಸರಿ. ಕೊಳ್ಳುವವನಿಗೆ ಅದರಿಂದ ಏನು ತಿಳಿಯುವುದೋ ನಾವರಿಯೆವು. ನಮ್ಮ ವಿಮರ್ಶೆಗೆ ವಿಷಯವಾದುದು ಅವುಗಳೊಡನೆ ಪ್ರಕಟವಾದ ‘ರೀಕಾಲ್’ ಎಂಬ ಸೌಲಭ್ಯ. ಅದು ತೆರೆಯ ಮೇಲೆ ಕಂಡುದನ್ನು ಕೆಲವು ಸೆಕೆಂಡುಗಳಿಗೊಮ್ಮೆ ಚಿತ್ರವಾಗಿ ಹಿಡಿದು, ಅದರಲ್ಲಿಯ ಅಕ್ಷರಗಳನ್ನು ಓದಿ, ಮುಂದೆ ಹುಡುಕಲು ಅನುವಾಗುವಂತೆ ಶೇಖರಿಸುತ್ತದೆ. ಸಂಸ್ಥೆಯವರು ಇದನ್ನು ಛಾಯಾಚಿತ್ರದಂತಹ ಸ್ಮರಣಶಕ್ತಿಗೆ ಹೋಲಿಸಿದರು.

ಇತಿಹಾಸದ ಅಭ್ಯಾಸಿಗಳಾದ ನಮಗೆ ಈ ಹೋಲಿಕೆ ಒಪ್ಪಿಗೆಯಾಗದು. ಸ್ಮರಣೆಯೇ ಬೇರೆ, ದಫ್ತರವೇ ಬೇರೆ. ಸ್ಮರಣೆಗೆ ಮರೆವುಂಟು, ಒಡೆಯನ ಹೊರತು ಮತ್ತೊಬ್ಬನು ಅದನ್ನು ತೆರೆದು ಓದಲಾರನು. ದಫ್ತರವನ್ನಾದರೋ ಬೀಗದ ಕೈ ದೊರೆತವರೆಲ್ಲ ಓದಬಲ್ಲರು. ಪರರ ಕಾಗದಪತ್ರಗಳನ್ನು ಅವರು ಎಣಿಸದಿದ್ದ ಕಾಲದಲ್ಲಿ ಓದುವುದೇ ನಮ್ಮ ವೃತ್ತಿಯಾದುದರಿಂದ ಈ ಭೇದ ನಮಗೆ ಚೆನ್ನಾಗಿ ಗೊತ್ತು.

ಚಿತ್ರಗಳು ಗಣಕದಲ್ಲಿಯೇ ಉಳಿಯುವುವು, ಹೊರಗೆ ಹೋಗವು ಎಂಬುದು ಸಂಸ್ಥೆಯ ಸಮಾಧಾನ. ಅದು ಸುಳ್ಳಲ್ಲ, ಆದರೆ ಸಾಲದು. ಕೆವಿನ್ ಬ್ಯೂಮಾಂಟ್ ಮೊದಲಾದ ಸುರಕ್ಷತಾ ತಜ್ಞರು ಪರೀಕ್ಷಿಸಲಾಗಿ, ಒಡೆಯನು ಗಣಕವನ್ನು ತೆರೆದಿರುವಾಗ ಈ ಸಂಗ್ರಹಕ್ಕೆ ಗೂಢಲಿಪಿಯ ರಕ್ಷಣೆಯೇ ಇರಲಿಲ್ಲ. ಆಕ್ಷೇಪಣೆಗಳೆದ್ದ ಮೇಲೆ, ಬಳಸುವವನು ತಾನಾಗಿ ಒಪ್ಪಿದ ಹೊರತು ಸೌಲಭ್ಯವು ಚಾಲನೆಗೆ ಬಾರದೆಂದು ಸಂಸ್ಥೆಯು ಜೂನ್ 7ರಂದು ತಿಳಿಸಿತು. ಜೂನ್ 13ರಂದು ಬಿಡುಗಡೆಯನ್ನೇ ಮುಂದೂಡಿತು. ರಕ್ಷಣೆಗಳನ್ನು ಬಲಪಡಿಸಿ 2025ರ ಏಪ್ರಿಲಿನಲ್ಲಿ ಬಿಡುಗಡೆಮಾಡಿತು. ತಿದ್ದುಪಡಿಗಳು ಮೆಚ್ಚತಕ್ಕವೇ. ಆದರೆ ಸಂಸ್ಥೆಯ ಮುಖ್ಯಸ್ಥರೂ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿದವರೂ ಆದ ಸತ್ಯ ನಾದೆಲ್ಲಾ ಅವರು, ಸುರಕ್ಷತೆಯೇ ಎಲ್ಲಕ್ಕೂ ಮೊದಲೆಂದು ನೌಕರರಿಗೆ ಬರೆದದ್ದು 2024ರ ಮೇ 3ರಂದು, ಎಂದರೆ ಮೊದಲ ಪ್ರಕಟಣೆಗೆ 17 ದಿನ ಮುಂಚೆ.

ತಿದ್ದುಪಡಿಯಿಂದಲೂ ತೀರದ ಪ್ರಶ್ನೆಯೊಂದಿದೆ. ಒಪ್ಪಿಗೆ ಕೊಡುವವನು ಗಣಕದ ಒಡೆಯ; ತೆರೆಯ ಮೇಲೆ ಮೂಡುವ ಪತ್ರವೋ ಬೇರೊಬ್ಬರದು. ವಿದ್ಯಾರ್ಥಿನಿಯೊಬ್ಬಳು ಮನೆಯ ಕಷ್ಟವನ್ನು ಅಧ್ಯಾಪಕರಿಗೆ ಬರೆದರೆ, ಅವರ ಗಣಕದಲ್ಲಿ ಅದು ಆಕೆಯರಿಯದ ದಫ್ತರಕ್ಕೆ ಸೇರೀತು. ಆಕೆಯನ್ನು ಕೇಳುವವರಾರು? ಸಂದೇಶಗಳನ್ನು ಗೋಪ್ಯವಾಗಿ ಸಾಗಿಸುವ ‘ಸಿಗ್ನಲ್’ ಸಂಸ್ಥೆಯು 2025ರ ಮೇ ತಿಂಗಳಲ್ಲಿ ತನ್ನ ಬರೆಹಗಳು ಈ ಚಿತ್ರಗಳಲ್ಲಿ ಮೂಡದಂತೆ ತಡೆದುದು ಇಂತಹ ಆತಂಕದಿಂದಲೇ. ಅದಕ್ಕೆ ಬಳಸಿದ ಉಪಾಯ ಚಲನಚಿತ್ರಾದಿಗಳ ಹಕ್ಕುದಾರರು ಕಳ್ಳ ನಕಲನ್ನು ತಡೆಯಲೆಂದು ಏರ್ಪಟ್ಟದ್ದು. ಪತ್ರವ್ಯವಹಾರದ ತಂತ್ರಾಂಶಗಳಿಗೆ ತಕ್ಕ ಬೇರೆ ದಾರಿಯನ್ನು ಮೈಕ್ರೋಸಾಫ್ಟ್ ಒದಗಿಸಿರಲಿಲ್ಲವೆಂದು ಸಿಗ್ನಲ್ ಆಗ ದೂರಿತು.