ಮದ್ದು ಸಿಕ್ಕಿದೆ, ಮನೆ ಮುಟ್ಟಿಲ್ಲ

2021ರ ಮೇ ಕೊನೆಯ ವಾರ. ಕೊರೊನಾದಿಂದ ಆಗಷ್ಟೇ ಎದ್ದಿದ್ದ ನಮ್ಮ ಭಾವನವರಿಗೆ ಕಣ್ಣಿನ ಕೆಳಗೆ ಊತ ಬಂತು, ಕೆನ್ನೆ ಮರಗಟ್ಟಿತು. ಕಪ್ಪು ಶಿಲೀಂಧ್ರ ಎಂದರು. ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟದ್ದು ಲೈಪೊಸೋಮಲ್ ಆಂಫೊಟೆರಿಸಿನ್, ದಿನಕ್ಕೆ 6 ವಯಲ್. ಆ ಚೀಟಿ ಹಿಡಿದು ಅಕ್ಕನ ಮಗನೂ ನಾನೂ ಎರಡು ದಿನ ಬೆಂಗಳೂರಿನ ಮೆಡಿಕಲ್ ಶಾಪುಗಳ ಬಾಗಿಲು ತಟ್ಟಿದೆವು. ಗೊತ್ತಿದ್ದವರಿಗೆಲ್ಲ ಫೋನು ಮಾಡಿದೆವು. ಮೂರನೆಯ ದಿನ ಸರ್ಕಾರದ ಹಂಚಿಕೆಯಲ್ಲಿ ಆಸ್ಪತ್ರೆಗೇ ಔಷಧ ಬಂತು. 6 ಬೇಕಾದ ಕಡೆ 2. “ಇರೋದನ್ನೇ ಎಲ್ರಿಗೂ ಹಂಚ್ತಾ ಇದೀವಿ ಸಾರ್” ಎಂದ ನರ್ಸಮ್ಮ ನಮ್ಮ ಮುಖ ನೋಡಲಿಲ್ಲ. ಭಾವ ಉಳಿದರು. ಅವರ ಬಲಗಣ್ಣು ಉಳಿಯಲಿಲ್ಲ.

ಅಂದಿನಿಂದ ಒಂದು ಮಾತು ಕೇಳಿದಾಗಲೆಲ್ಲ ನನಗೆ ತಡೆಯಲಾಗುವುದಿಲ್ಲ. ಪತ್ರಿಕೆಗಳು, ಭಾಷಣಗಳು, ಓದಿದವರ ಹರಟೆ, ಎಲ್ಲ ಕಡೆಯೂ ಅದೇ ಮಾತು: ಆಂಟಿಬಯೋಟಿಕ್‌ಗಳ ಕಾಲ ಮುಗಿಯಿತು, ರೋಗಾಣುಗಳು ವಿಜ್ಞಾನವನ್ನು ಮೀರಿಸಿದವು, ಇನ್ನೊಬ್ಬ ಫ್ಲೆಮಿಂಗ್ ಬಂದು ಹೊಸ ಮದ್ದು ಕಂಡುಹಿಡಿದರಷ್ಟೇ ನಮಗೆ ಉಳಿಗಾಲ. ಇದು ಅರ್ಧ ಸತ್ಯವೂ ಅಲ್ಲ. ಔಷಧಗಳು ಸಿಗುತ್ತಿವೆ. ಸಿಕ್ಕಿದ್ದನ್ನು ಕೈಬಿಡುವುದು, ಮೂಲೆಗೆ ತಳ್ಳುವುದು, ರೋಗಿಯ ಹಾಸಿಗೆಯವರೆಗೆ ಒಯ್ಯದೆ ನಿಲ್ಲಿಸುವುದು, ಸೋಲು ಇರುವುದು ಅಲ್ಲಿ.

ನಾವು ಹುಡುಕಿ ಅಲೆದ ಆ ಆಂಫೊಟೆರಿಸಿನ್ನನ್ನೇ ನೋಡಿ. ವೆನಿಜುವೆಲಾದ ಮಣ್ಣಿನ ಬ್ಯಾಕ್ಟೀರಿಯಾವೊಂದರಿಂದ 1950ರ ದಶಕದಲ್ಲಿ ತೆಗೆದ ಔಷಧ ಅದು. ಶಿಲೀಂಧ್ರಕ್ಕಷ್ಟೇ ಅಲ್ಲ, ಕಾಲಾ ಅಜಾರ್ ತರುವ ಲೀಷ್ಮೇನಿಯಾ ಎಂಬ ಏಕಕೋಶಜೀವಿಗೂ ಮದ್ದು. ಬಿಹಾರದಲ್ಲಿ ಕಾಲಾ ಅಜಾರ್ ರೋಗಿಗಳಿಗೆ ವಾರಗಟ್ಟಲೆ ಆಂಟಿಮನಿ ಸೂಜಿ ಚುಚ್ಚುತ್ತಿದ್ದರು. ಕಡೆಕಡೆಗೆ ಉತ್ತರ ಬಿಹಾರದಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಅದು ನಾಟುತ್ತಲೇ ಇರಲಿಲ್ಲ. ಡಾ. ಶ್ಯಾಮ್ ಸುಂದರ್ ಮತ್ತು ಸಂಗಡಿಗರು ಮುಜಫ್ಫರಪುರದಲ್ಲಿ ಕೊಬ್ಬಿನ ಕಣಗಳೊಳಗೆ ತುಂಬಿದ ಇದೇ ಹಳೆಯ ಔಷಧವನ್ನು ಒಂದೇ ಒಂದು ಸಲ ಡ್ರಿಪ್ ಮೂಲಕ ಕೊಟ್ಟರು. ನೂರಕ್ಕೆ 95 ಮಂದಿ ಗುಣವಾದರು. ವರದಿ 2010ರಲ್ಲಿ ಪ್ರಕಟವಾಯಿತು. ಮರುವರ್ಷವೇ ವಿಶ್ವ ಆರೋಗ್ಯ ಸಂಸ್ಥೆ ಗಿಲಿಯಡ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ಔಷಧವನ್ನು ದಾನವಾಗಿ ತರಿಸಿತು. ರೋಗ ಹರಡುವ ಮರಳುನೊಣ ಕೊಲ್ಲುವ ಸಿಂಪಡಣೆಯ ಜೊತೆಗೆ ಆ ಔಷಧವೂ ಬ್ಲಾಕ್ ಆಸ್ಪತ್ರೆಗಳವರೆಗೆ ಹೋಯಿತು. ಇಂದು ಬಿಹಾರದಲ್ಲಿ ಆ ರೋಗ ತೀರಾ ಕಡಿಮೆಯಾಗಿದೆ. ಅಲ್ಲಿ ಗೆದ್ದದ್ದು ಹೊಸ ಅಣು ಅಲ್ಲ, ಒಂದು ಏರ್ಪಾಡು. ನಮ್ಮಲ್ಲಿ 2021ರಲ್ಲಿ ಬೇಡಿಕೆ ಏಕಾಏಕಿ ಏರಿತು, ನಿಜ. ಆದರೆ ಅಂಥ ದಿನಕ್ಕೆಂದು ಎತ್ತಿಟ್ಟ ದಾಸ್ತಾನು ಎಲ್ಲಿತ್ತು?

ಇನ್ನೂ ಮನಸ್ಸು ಕಲಕುವ ಕಥೆ ಆಫ್ರಿಕದ್ದು. ತ್ಸೆತ್ಸೆ ನೊಣ ಕಚ್ಚಿ ಹರಡುವ ನಿದ್ರಾರೋಗದಲ್ಲಿ ಏಕಕೋಶಜೀವಿ ಮಿದುಳನ್ನೇ ಹೊಗುತ್ತದೆ. ಹಗಲು ರಾತ್ರಿ ಅದಲುಬದಲಾಗಿ, ಮನುಷ್ಯ ಮಾತು ಮರೆತು, ಕೊನೆಗೆ ಏಳದೆ ಮಲಗುತ್ತಾನೆ. ಇದಕ್ಕೆ ದಶಕಗಟ್ಟಲೆ ಇದ್ದ ಮದ್ದು ಮೆಲಾರ್ಸೊಪ್ರಾಲ್, ಅಂದರೆ ಪಾಷಾಣದ ಸಂಯುಕ್ತ. ಅದನ್ನು ಕರಗಿಸಿದ ದ್ರವ ಪ್ಲಾಸ್ಟಿಕ್ ಸಿರಿಂಜನ್ನೇ ತಿನ್ನುತ್ತಿದ್ದುದರಿಂದ ಗಾಜಿನ ಸಿರಿಂಜ್ ಬೇಕಾಗುತ್ತಿತ್ತು. ರಕ್ತನಾಳದಲ್ಲಿ ಬೆಂಕಿ ಹರಿದಂತೆ ಉರಿ. ಚಿಕಿತ್ಸೆ ಪಡೆದ ನೂರರಲ್ಲಿ ಸುಮಾರು ಐವರು ರೋಗದಿಂದಲ್ಲ, ಮದ್ದಿನಿಂದಲೇ ಸಾಯುತ್ತಿದ್ದರು.

ಇದಕ್ಕಿಂತ ಸೌಮ್ಯವಾದ ಎಫ್ಲಾರ್ನಿಥಿನ್‌ಗೆ 1990ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಆದರೆ ಕೊಳ್ಳುವವರು ಕಾಂಗೋದ ಬಡವರು, ಲಾಭವಿಲ್ಲ ಎಂದು ತಯಾರಿಕೆ ನಿಂತುಹೋಯಿತು. 2000ದಲ್ಲಿ ಅದೇ ರಾಸಾಯನಿಕ ಮತ್ತೆ ಅಂಗಡಿಗೆ ಬಂತು, ಹೆಂಗಸರ ಮುಖದ ಮೇಲಿನ ಬೇಡದ ಕೂದಲು ತಡೆಯುವ ಕ್ರೀಮಾಗಿ. ಸಾಯುತ್ತಿದ್ದವರಿಗೆ ಇಲ್ಲದ ಮದ್ದು ಸೌಂದರ್ಯಕ್ಕೆ ಒದಗಿತ್ತು. ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆ ಮತ್ತಿತರರು ಗಲಾಟೆ ಎಬ್ಬಿಸಿದ ಮೇಲೆ, 2001ರಲ್ಲಿ, ರೋಗಿಗಳಿಗೆ ಅದನ್ನು ಪೂರೈಸುವ ಒಪ್ಪಂದವಾಯಿತು.

ಆಮಶಂಕೆಗೆ ನಾವೆಲ್ಲ ನುಂಗಿರುವ, ಬಾಯಿ ಕಹಿ ಮಾಡುವ ಮೆಟ್ರೊನಿಡಜೋಲ್ ಮಾತ್ರೆ ನಿಮಗೆ ಗೊತ್ತು. ಬ್ಯಾಕ್ಟೀರಿಯಾ, ಅಮೀಬಾ ಎರಡನ್ನೂ ಕೊಲ್ಲುವ ಮದ್ದು. ಅದರ ಕುಲಕ್ಕೇ ಸೇರಿದ ಫೆಕ್ಸಿನಿಡಜೋಲ್ ಅನ್ನು ಜರ್ಮನಿಯ ಹೋಕ್ಸ್ಟ್ ಕಂಪನಿ 1970ರ ದಶಕದಲ್ಲಿ ತಯಾರಿಸಿ, ಆಮೇಲೆ ಕೈಬಿಟ್ಟಿತ್ತು. 2005ರಲ್ಲಿ, ಉಪೇಕ್ಷಿತ ರೋಗಗಳ ಮದ್ದಿಗಾಗಿಯೇ ಹುಟ್ಟಿದ ಲಾಭರಹಿತ ಸಂಸ್ಥೆ ಡಿಎನ್‌ಡಿಐ ಹಳೆಯ ಸಂಯುಕ್ತಗಳನ್ನು ನೂರಾರು ಸಂಖ್ಯೆಯಲ್ಲಿ ಜಾಲಾಡಿ ಅದನ್ನು ಹೊರತೆಗೆಯಿತು. ಕಾಂಗೋದಲ್ಲಿ ಪರೀಕ್ಷೆಗಳು ನಡೆದವು. 2018ರಲ್ಲಿ ಯುರೋಪಿನ ಔಷಧ ಸಂಸ್ಥೆ ಅದರ ಪರವಾಗಿ ಅಭಿಪ್ರಾಯ ಕೊಟ್ಟಿತು. ಈಗ ಬಹುಪಾಲು ರೋಗಿಗಳಿಗೆ ಊಟದ ಜೊತೆ 10 ದಿನ ಮಾತ್ರೆ ನುಂಗಿದರೆ ಸಾಕು. ಅದನ್ನು ಕೈಬಿಟ್ಟದ್ದಕ್ಕೂ ಮತ್ತೆ ಹೊರತೆಗೆದದ್ದಕ್ಕೂ ನಡುವಿನ ಎರಡು ದಶಕಕ್ಕೂ ಹೆಚ್ಚು ಕಾಲ ಜನ ಪಾಷಾಣ ಚುಚ್ಚಿಸಿಕೊಂಡು ಸತ್ತರು, ಮದ್ದು ಕಪಾಟಿನಲ್ಲಿತ್ತು. ಇಲ್ಲಿ ರೋಗಾಣು ವಿಜ್ಞಾನವನ್ನು ಮೀರಿಸಿತು ಎನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಬಡದೇಶದ ರೋಗಕ್ಕೆ ಹೀಗೆ, ಶ್ರೀಮಂತರ ರೋಗಕ್ಕೆ ಬೇರೆ ಎಂದುಕೊಳ್ಳಬೇಡಿ. ಹಳೆಯ ಮದ್ದಿಗೆ ಬಗ್ಗದ ಮೂತ್ರನಾಳದ ಸೋಂಕಿಗೆಂದು ಅಮೆರಿಕದ ಅಕೇಯೊಜೆನ್ ಕಂಪನಿ ತಂದ ಪ್ಲಾಜೊಮೈಸಿನ್‌ಗೆ 2018ರ ಜೂನ್‌ನಲ್ಲಿ ಒಪ್ಪಿಗೆ ಸಿಕ್ಕಿತು. 2019ರ ಏಪ್ರಿಲ್‌ನಲ್ಲಿ ಕಂಪನಿ ದಿವಾಳಿ. ಕಾರಣ ಸರಳ. ಹೊಸ ಆಂಟಿಬಯೋಟಿಕ್ ಬಂದ ದಿನವೇ ವೈದ್ಯರು ಅದನ್ನು ಬೀಗ ಹಾಕಿ ಇಡುತ್ತಾರೆ, ಕಟ್ಟಕಡೆಗೆ ಮಾತ್ರ ತೆಗೆಯುತ್ತಾರೆ. ಅದು ಸರಿಯಾದ ನಡೆಯೇ. ಆದರೆ ಸಕ್ಕರೆ ಕಾಯಿಲೆಯ ಮಾತ್ರೆ ಬದುಕಿಡೀ ಮಾರಾಟವಾಗುತ್ತದೆ, ಇದು ಯಾರೋ ಒಬ್ಬರಿಗೆ 7 ದಿನ. ಬೆಂಗಳೂರಿನ ಹೆಬ್ಬಾಳದಲ್ಲಿ ಕ್ಷಯ, ಮಲೇರಿಯಾಗಳಿಗೆ ಮದ್ದು ಹುಡುಕುತ್ತಿದ್ದ ಆಸ್ಟ್ರಾಜೆನೆಕಾ ಪ್ರಯೋಗಾಲಯವನ್ನು 2014ರಲ್ಲಿ ಮುಚ್ಚಿದರು. ಅಲ್ಲಿಂದ ಹೊರಬಂದ ಕೆಲವರು ಇದೇ ಊರಿನಲ್ಲಿ ಬಗ್‌ವರ್ಕ್ಸ್ ಕಟ್ಟಿ ಹೊಸ ಆಂಟಿಬಯೋಟಿಕ್‌ಗಾಗಿ ದುಡಿಯುತ್ತಿದ್ದಾರೆ. ಬುದ್ಧಿಗೆ ಕೊರತೆ ಇರಲಿಲ್ಲ, ಬೆನ್ನಿಗೆ ನಿಲ್ಲುವವರ ಕೊರತೆ ಇತ್ತು.

ಇನ್ನೊಂದು ಮಾತು: ನಮ್ಮ ಜನ ಆಂಟಿಬಯೋಟಿಕ್ಕನ್ನು ಕಡಲೆಪುರಿಯಂತೆ ನುಂಗುತ್ತಾರೆ, ಅದಕ್ಕೇ ಈ ಗತಿ ಎಂಬುದು. ನುಂಗುತ್ತಾರೆ, ಅಲ್ಲಗಳೆಯಲಾರೆ. ಆದರೆ ಈ ಬೈಗುಳ ಮುಚ್ಚಿಡುವ ಒಂದು ಲೆಕ್ಕವಿದೆ. ಭಾರತವೂ ಸೇರಿ 8 ದೇಶಗಳ ಅಧ್ಯಯನವೊಂದು 2025ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂತು. ಕಾರ್ಬಪೆನೆಮ್‌ನಂಥ ಕಡೆಯ ಅಸ್ತ್ರಕ್ಕೂ ಬಗ್ಗದ ಬ್ಯಾಕ್ಟೀರಿಯಾ ಸೋಂಕು 2019ರಲ್ಲಿ ಆ ದೇಶಗಳಲ್ಲಿ ಸುಮಾರು 15 ಲಕ್ಷ. ತಕ್ಕ ಔಷಧ ಸಿಕ್ಕಿರಬಹುದಾದವರು ಶೇ. 6.9 ಮಾತ್ರ. ಭಾರತದಲ್ಲಿ ಶೇ. 7.8. ಬೇಡದವರ ಹೊಟ್ಟೆಗೆ ಮದ್ದು ಸುರಿಯುತ್ತಿರುವ ದೇಶದಲ್ಲೇ, ಬೇಕಾದ ಹತ್ತು ಮಂದಿಯಲ್ಲಿ ಒಬ್ಬರಿಗೂ ಸರಿಯಾದ ಮದ್ದು ಸಿಗುತ್ತಿಲ್ಲ.

ಹಾಗಾದರೆ ಹೊಸ ಔಷಧ ಬೇಡವೇ? ಬೇಕು. ರೋಗಾಣು ಪಾಠ ಕಲಿಯುತ್ತಲೇ ಇರುತ್ತದೆ, ಇಂದಿನ ಮದ್ದು ನಾಳೆ ಮೊಂಡಾಗುತ್ತದೆ. ಆದರೆ ಬಂದ ಹೊಸದನ್ನು ನಾವು ನಡೆಸಿಕೊಂಡ ಬಗೆ ನೋಡಿ. ಕ್ಷಯಕ್ಕೆ 40 ವರ್ಷಗಳ ಮೇಲೆ ಬಂದ ಹೊಸ ಬಗೆಯ ಮದ್ದು ಬೆಡಾಕ್ವಿಲಿನ್. ಅಮೆರಿಕದಲ್ಲಿ 2012ರಲ್ಲೇ ಒಪ್ಪಿಗೆ ಪಡೆಯಿತು. ಭಾರತದಲ್ಲಿ 2016ರಲ್ಲಿ ಶುರುವಾದಾಗ ಇಡೀ ದೇಶಕ್ಕೆ 6 ಕೇಂದ್ರ. ಪಟ್ನಾದ 18ರ ಹುಡುಗಿಗೆ ದೆಹಲಿಯ ಕೇಂದ್ರದಲ್ಲಿ, ನೀನು ದೆಹಲಿಯವಳಲ್ಲ ಎಂದು ಮದ್ದು ಕೊಡಲಿಲ್ಲ. ಅವಳ ಅಪ್ಪ ಹೈಕೋರ್ಟ್ ಮೆಟ್ಟಿಲು ಹತ್ತಿ 2017ರಲ್ಲಿ ಮದ್ದು ಪಡೆದರು. ಶ್ವಾಸಕೋಶ ಅಷ್ಟರಲ್ಲಿ ಸವೆದಿತ್ತು. 2018ರಲ್ಲಿ ಅವಳು ತೀರಿಕೊಂಡಳು.

ದಾರಿ ಇಲ್ಲದಿಲ್ಲ. ನಮ್ಮ ಹಳ್ಳಿಗಳಲ್ಲಿ ಕೆರೆಯ ನೀರಗಂಟಿಗೆ ಸುಗ್ಗಿಯಲ್ಲಿ ಆಯ ಕೊಡುತ್ತಿದ್ದರು. ತೂಬು ಎಷ್ಟು ಸಲ ಎತ್ತಿದ ಎಂದು ಲೆಕ್ಕ ಹಾಕಿ ಅಲ್ಲ, ಕೆರೆ ಕಾದದ್ದಕ್ಕೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ವ್ಯವಸ್ಥೆ 2022ರಲ್ಲಿ ಎರಡು ಹೊಸ ಆಂಟಿಬಯೋಟಿಕ್‌ಗಳಿಗೆ ಶುರುಮಾಡಿದ್ದು ಅದನ್ನೇ: ಎಷ್ಟು ಬಳಸಿದರೂ, ಬಳಸದಿದ್ದರೂ, ವರ್ಷಕ್ಕಿಷ್ಟು ಎಂದು ನಿಗದಿ ಹಣ. ಆಯದ ಅರ್ಥ ಗೊತ್ತಿರುವ ನಾಡಿಗೆ ಇದನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ.

ಆದ್ದರಿಂದ ಓದುಗರಲ್ಲಿ ನನ್ನ ಬೇಡಿಕೆ ಇಷ್ಟು. ‘ಸೂಪರ್‌ಬಗ್ ಕೊಲ್ಲುವ ಹೊಸ ಅಣು ಪತ್ತೆ’ ಎಂಬ ಸುದ್ದಿ ಓದಿ ನಿಟ್ಟುಸಿರು ಬಿಟ್ಟು ಪುಟ ತಿರುಗಿಸಬೇಡಿ. ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಸೋಂಕಿನ ಕಲ್ಚರ್ ಪರೀಕ್ಷೆ ಆಗುತ್ತದೆಯೇ, ಕಡೆಯ ಸಾಲಿನ ಔಷಧಗಳು ಎಷ್ಟು ದಿನಕ್ಕಾಗುವಷ್ಟಿವೆ ಎಂದು ನಿಮ್ಮ ಶಾಸಕರನ್ನು ಬರವಣಿಗೆಯಲ್ಲಿ ಕೇಳಿ. ಉತ್ತರವನ್ನೂ ಬರವಣಿಗೆಯಲ್ಲೇ ಪಡೆಯಿರಿ.