ಅಯಸ್ಕಾಂತದಿಂದ ಕನ್ವರ್ಟರ್ ಪತ್ತೆ: ಒಂದು ತಪ್ಪು ಪರೀಕ್ಷೆ

ಹಳೆಯ ಬೈಕಿನ ಸೈಲೆನ್ಸರನ್ನು ಸಿಂಧನೂರಿನಲ್ಲೋ ಮಸ್ಕಿಯಲ್ಲೋ ಗುಜರಿಗೆ ಹಾಕುವಾಗ, ‘ಅಯಸ್ಕಾಂತ ಹಿಡಿಯಿತು, ಒಳಗೆ ಬರೀ ಕಬ್ಬಿಣ’ ಎಂದರೆ ಒಪ್ಪಿಕೊಳ್ಳಬೇಡಿ. ಅದು ಪರೀಕ್ಷೆಯೇ ಅಲ್ಲ. ಹೊರಕವಚ ಉಕ್ಕಿನದು. ಹೊಗೆಯನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಜೇನುಗೂಡು ಕೂಡ ಬೈಕುಗಳಲ್ಲಿ ಸಾಮಾನ್ಯವಾಗಿ ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂಗಳ ಮಿಶ್ರಲೋಹದ ತೆಳುಹಾಳೆ. ಎರಡಕ್ಕೂ ಅಯಸ್ಕಾಂತ ಅಂಟುತ್ತದೆ. ಬೆಲೆಯಿರುವುದು ಹಾಳೆಯ ಲೇಪದಲ್ಲಿರುವ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂಗಳಿಗೆ. ಅವು ಅತ್ಯಲ್ಪವಾದ್ದರಿಂದ ತೂಗಿದರೂ ತಿಳಿಯವು. (ಟನ್ ಅದಿರಿನಿಂದ ಕೆಲವೇ ಗ್ರಾಂ ಚಿನ್ನ ತೆಗೆಯುವ ಹಟ್ಟಿ ಗಣಿಯನ್ನು ಕಂಡ ಲಿಂಗಸುಗೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.)

ಎಂಜಿನ್ ಕಡೆಯ ಬಾಯಿಗೆ ಟಾರ್ಚ್ ಹಿಡಿದು ನೋಡಿ. ಸಣ್ಣ ಕಣ್ಣುಗಳ ಜಾಲ ಕಂಡರೆ ಕನ್ವರ್ಟರ್ ಇದೆ. ಕಾಣಲಿಲ್ಲವೆಂದರೆ ಇಲ್ಲವೆಂದಲ್ಲ, ಬಾಗಿದ ಕೊಳವೆಯಲ್ಲಿ ಅಡಗಿರಬಹುದು. 2020ರ ಏಪ್ರಿಲ್‌ನಲ್ಲಿ ಜಾರಿಯಾದ ಬಿಎಸ್-6ರ ಗಾಡಿಯಾದರೆ ಹುಡುಕಲೇಬೇಕು. ಆದರೆ ಗರಗಸ ಹಾಕಬೇಡಿ. ಲೇಪದ ಧೂಳು ಶ್ವಾಸಕೋಶಕ್ಕಿಳಿಯುತ್ತದೆ. ಓಡುವ ಗಾಡಿಯಿಂದಲೇ ಕಿತ್ತರಂತೂ ಕಾರ್ಬನ್ ಮಾನಾಕ್ಸೈಡ್ ನೇರ ಬೀದಿಗೆ.